ತಹಶೀಲ್ದಾರ್ ಕಚೇರಿಯ ಕಪಾಟಿನಲ್ಲಿ ಒಂದು ಎಂ.ಎ.

2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರು ಪುರಸಭೆ ಕಚೇರಿಯ ಎದುರು ಭಂಗಿ ಸಮುದಾಯದ ಕೆಲವರು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು ನಿಂತರು. ತಲೆಮಾರುಗಳಿಂದ ಊರಿನ ಪಾಯಖಾನೆ ಬಳಿದ ಕುಟುಂಬಗಳು ಅವು. ಅವರು ದಶಕಗಳಿಂದ ಬದುಕಿದ್ದ ಜಾಗದಲ್ಲಿ ವಾಣಿಜ್ಯ ಮಳಿಗೆ ಕಟ್ಟಬೇಕಿದೆ, ಖಾಲಿ ಮಾಡಿ ಎಂದು ಪುರಸಭೆ ಪಟ್ಟು ಹಿಡಿದಿತ್ತು. ಮನವಿಗಳು ಕಡತ ಸೇರಿದ್ದವು. ಕೊನೆಗೆ ಊರು ತಮಗೆ ಕೊಟ್ಟದ್ದನ್ನೇ ಅವರು ಊರಿನ ಕಣ್ಣೆದುರು ಮೈಗೆ ಹಚ್ಚಿಕೊಂಡರು. ಮರುದಿನದ ಪತ್ರಿಕೆಗಳಲ್ಲಿ ಬಂದ ಆ ಚಿತ್ರಗಳನ್ನು ನೋಡಿದ ಯಾರಿಗೂ ಅವತ್ತು ಊಟ ಸೇರಿರಲಾರದು.

ಆಗ ಕಾನೂನು ಇರಲಿಲ್ಲವೇ ಎಂದರೆ, ಇತ್ತು. ಕೈಯಿಂದ ಮಲ ಬಾಚುವ ಕೆಲಸವನ್ನು ನಿಷೇಧಿಸುವ ಕೇಂದ್ರ ಕಾಯ್ದೆ 1993ರಲ್ಲೇ ಬಂದಿತ್ತು. ಅದಕ್ಕೆ ಮೊದಲು ಒಪ್ಪಿಗೆ ಕೊಟ್ಟ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 1997ರ ಜನವರಿ 26ರಿಂದ ಅದು ಇಲ್ಲಿ ಜಾರಿಯಲ್ಲಿತ್ತು. ಅದಕ್ಕೂ ಎರಡು ದಶಕ ಹಿಂದೆ, ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿ ದೇಶಕ್ಕೇ ಮಾದರಿ ಎನಿಸಿಕೊಂಡಿದ್ದರು. ಕಾಗದದ ಮಟ್ಟಿಗೆ ಈ ಅನಿಷ್ಟ ರಾಜ್ಯದಿಂದ ತೊಲಗಿ ಆಗಿತ್ತು. ಸವಣೂರಿನವರು ಸುರಿದುಕೊಂಡದ್ದು ಕಾಗದದಲ್ಲಿ ಇಲ್ಲದ ಮಲ.

ಈ ಘಟನೆಯಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ಮಾನವ ಹಕ್ಕು, ಪ್ರಜಾಪ್ರಭುತ್ವ, ಸಂಕ್ರಮಣ ಕಾಲದ ನ್ಯಾಯ ಎಂಬ ಮೂರು ವಿಷಯಗಳನ್ನು ಒಟ್ಟಿಗೆ ಹೆಣೆದು ಸ್ನಾತಕೋತ್ತರ ಮಟ್ಟದಲ್ಲಿ ಕಲಿಸುವ ಕೋರ್ಸುಗಳು ಈಗ ಜಗತ್ತಿನ ಹಲವು ಕಡೆ ಇವೆ. ವೆನಿಸ್‌ನಲ್ಲಿ 1997ರಿಂದ ಐರೋಪ್ಯ ವಿಶ್ವವಿದ್ಯಾಲಯಗಳು ಕೂಡಿ ಇಂಥದೊಂದು ಪದವಿ ನಡೆಸುತ್ತಿವೆ. ಜಿನೀವಾದಲ್ಲಿ ಸಂಕ್ರಮಣ ನ್ಯಾಯಕ್ಕೆಂದೇ ಪ್ರತ್ಯೇಕ ಕೋರ್ಸಿದೆ. ನಮ್ಮಲ್ಲಿ ದೆಹಲಿಯ ಜಾಮಿಯಾ ಮಿಲಿಯಾದಲ್ಲಿ ಮಾನವ ಹಕ್ಕುಗಳ ಎಂ.ಎ. ಇದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ದೂರಶಿಕ್ಷಣದಲ್ಲಿ ಮಾನವ ಹಕ್ಕುಗಳ ಕಾನೂನಿನ ಸ್ನಾತಕೋತ್ತರ ಡಿಪ್ಲೊಮಾ ಕೊಡುತ್ತ ಬಂದಿದೆ. ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ‘ಮಾನವ ಹಕ್ಕುಗಳು ಮತ್ತು ಕರ್ತವ್ಯಗಳು’ ಎಂಬುದು ಸ್ವತಂತ್ರ ವಿಷಯ. ಅದರಲ್ಲಿ ಜೆಆರ್‌ಎಫ್ ಪಡೆದರೆ ಸಂಶೋಧನೆಗೆ ಫೆಲೋಶಿಪ್ ಸಿಗುತ್ತದೆ. ಹಾನಗಲ್ಲಿನಲ್ಲೋ ಶಿಗ್ಗಾವಿಯಲ್ಲೋ ಬಿ.ಎ. ಮುಗಿಸಿ, ರಾಜ್ಯಶಾಸ್ತ್ರದ ಎಂ.ಎ. ಮಾಡಲೇ, ಬಿ.ಇಡಿ. ಮಾಡಲೇ ಎಂದು ತೂಗುತ್ತ ಕುಳಿತ ಹುಡುಗ ಹುಡುಗಿಯರಿಗೆ ಈ ದಾರಿಯೂ ಇದೆ ಎಂದು ಹೇಳುವವರು ಕಡಿಮೆ. ಹೇಳಿದರೂ ಅದು ದಕ್ಷಿಣ ಆಫ್ರಿಕಾ, ರುವಾಂಡಾಗಳಿಗೆ ಸೇರಿದ ವಿಷಯ ಎಂಬಂತೆ ಹೇಳುತ್ತಾರೆ. ನನ್ನ ತಕರಾರು ಅಲ್ಲೇ.

ಮೊದಲು ವಿಷಯವೇನೆಂದು ನೋಡೋಣ. ಒಂದು ದೇಶ ಸರ್ವಾಧಿಕಾರದಿಂದಲೋ ಯುದ್ಧದಿಂದಲೋ ಹೊರಬಂದು ಪ್ರಜಾಪ್ರಭುತ್ವಕ್ಕೆ ಕಾಲಿಡುತ್ತದೆ. ಹಿಂದಿನ ಆಳ್ವಿಕೆಯಲ್ಲಿ ಸಾವಿರಾರು ಜನ ಸತ್ತಿದ್ದಾರೆ, ಕಾಣೆಯಾಗಿದ್ದಾರೆ, ಮನೆ ಹೊಲ ಕಳೆದುಕೊಂಡಿದ್ದಾರೆ. ತಪ್ಪು ಮಾಡಿದವರು ಇನ್ನೂ ಪೊಲೀಸ್ ಠಾಣೆಯಲ್ಲಿ, ಸೈನ್ಯದಲ್ಲಿ, ಕಚೇರಿಗಳಲ್ಲಿ ಕುಳಿತಿದ್ದಾರೆ. ಎಲ್ಲರನ್ನೂ ಜೈಲಿಗೆ ಹಾಕಲು ಹೊರಟರೆ ಹೊಸ ಸರ್ಕಾರವೇ ಉರುಳೀತು. ಯಾರನ್ನೂ ಕೇಳದೆ ಬಿಟ್ಟರೆ ನೊಂದವರು ಹೊಸ ಸರ್ಕಾರವನ್ನು ನಂಬುವುದಿಲ್ಲ. ಈ ಇಕ್ಕಟ್ಟಿನಲ್ಲಿ ಮಾಡಬೇಕಾದ್ದೇನು? ನಡೆದದ್ದನ್ನು ದಾಖಲಿಸುವುದು, ಶಿಕ್ಷಿಸಬಹುದಾದವರನ್ನು ಶಿಕ್ಷಿಸುವುದು, ಕಳೆದುಕೊಂಡವರಿಗೆ ತುಂಬಿಕೊಡುವುದು, ಇನ್ನೊಮ್ಮೆ ಹೀಗಾಗದಂತೆ ಸಂಸ್ಥೆಗಳನ್ನು ತಿದ್ದುವುದು. ಈ ಶಾಸ್ತ್ರದ ಒಡಲು ಇಷ್ಟೇ, ಉಳಿದದ್ದು ವಿವರ. ಆದರೆ ಸ್ವಾರಸ್ಯವಿರುವುದು ವಿವರದಲ್ಲೇ.

ಅರ್ಜೆಂಟೀನಾದಲ್ಲಿ 1983ರಲ್ಲಿ ಸೇನಾಡಳಿತ ಮುಗಿದಾಗ ಹೊಸ ಅಧ್ಯಕ್ಷ ರಾವುಲ್ ಅಲ್ಫೋನ್ಸಿನ್ ಒಂದು ಆಯೋಗ ರಚಿಸಿದರು. ಅದರ ಮುಖ್ಯಸ್ಥರು ನ್ಯಾಯಾಧೀಶರಲ್ಲ, ಕಾದಂಬರಿಕಾರ ಎರ್ನೆಸ್ಟೊ ಸಬಾಟೊ. ಮರುವರ್ಷ ವರದಿ ಬಂತು, ಕಾಣೆಯಾದ 8,960 ಜನರ ಲೆಕ್ಕ ಅದರಲ್ಲಿತ್ತು. ಅದರ ಬೆನ್ನಿಗೇ 1985ರಲ್ಲಿ ಸೇನಾಧಿಕಾರಿಗಳ ವಿಚಾರಣೆ ನಡೆಯಿತು. ದಕ್ಷಿಣ ಆಫ್ರಿಕಾದಲ್ಲಿ 1996ರಿಂದ ಡೆಸ್ಮಂಡ್ ಟುಟು ನೇತೃತ್ವದ ಸತ್ಯ ಮತ್ತು ಸಮನ್ವಯ ಆಯೋಗ ಊರೂರಿಗೆ ಹೋಗಿ ನೊಂದವರ ಮಾತು ಕೇಳಿತು. ಸತ್ಯ ಒಪ್ಪಿಕೊಂಡವರಿಗೆ ಕ್ಷಮೆಯೂ ಉಂಟು ಎಂದಿತು. ಜಗತ್ತು ಕೊಂಡಾಡಿದ್ದು ಇದನ್ನು. ಕೊಂಡಾಡುವಾಗ ಬಿಟ್ಟುಹೋಗುವ ಸಂಗತಿ ಒಂದಿದೆ. ನೊಂದವರಿಗೆ ಆರು ವರ್ಷ ಪರಿಹಾರ ಕೊಡಿ ಎಂದು ಆಯೋಗ ಹೇಳಿದ್ದರೂ 2003ರಲ್ಲಿ ಸರ್ಕಾರ ಒಂದೇ ಕಂತಿನಲ್ಲಿ ತಲಾ 30,000 ರ‍್ಯಾಂಡ್ ಕೊಟ್ಟು ಕೈತೊಳೆದುಕೊಂಡಿತು. ಕ್ಷಮೆ ಬೇಗ ಸಿಕ್ಕಿತು, ಪರಿಹಾರ ತಡವಾಗಿ ಬಂತು, ಅದೂ ಚೂರುಪಾರು. ಈ ಅನುಭವ ನಮಗೇನು ಹೊಸದೇ?

ಭಾರತದಲ್ಲಿ ಇಂಥ ಸತ್ಯ ಆಯೋಗ ಆಗಲೇ ಇಲ್ಲ. ತುರ್ತುಪರಿಸ್ಥಿತಿಯ ಅತಿರೇಕಗಳನ್ನು ತನಿಖೆ ಮಾಡಿ 1978ರಲ್ಲಿ ವರದಿ ಕೊಟ್ಟ ಷಾ ಆಯೋಗ ಅದರ ಹತ್ತಿರಕ್ಕೆ ಬರುತ್ತದೆ. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ವೀರಪ್ಪನ್ ಬೇಟೆಯ ಹೆಸರಿನಲ್ಲಿ ವಿಶೇಷ ಕಾರ್ಯಪಡೆ ಕಾಡಂಚಿನ ಜನರಿಗೆ ಕೊಟ್ಟ ಹಿಂಸೆಯನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ಇದೆ. ಸೋಲಿಗರೂ ಇತರ ಹಳ್ಳಿಗರೂ ಅದರ ಮುಂದೆ ಬಂದು ಹೇಳಿಕೆ ಕೊಟ್ಟರು. 2007ರಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ 89 ಜನರಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ಆಯೋಗ ಶಿಫಾರಸು ಮಾಡಿತು. ಸತ್ಯ ಸ್ವಲ್ಪ ಹೊರಬಂತು, ದುಡ್ಡು ಸ್ವಲ್ಪ ಬಂತು. ಶಿಕ್ಷೆಯ ಮಾತು ಅಲ್ಲಿಗೇ ನಿಂತಿತು.

ಈಗ ಹಿರೇಕೆರೂರಿಗೆ ಬರೋಣ. ಈ ಲೇಖನದ ತಿರುಳು ಇರುವುದು ಅಲ್ಲಿ.

1932ರ ಕಾನೂನುಭಂಗ ಚಳವಳಿಯಲ್ಲಿ ಕರ್ನಾಟಕದ ಮೂರು ತಾಲ್ಲೂಕುಗಳು ಕರ ನಿರಾಕರಣೆಗೆ ಹೆಸರಾದವು. ಉತ್ತರ ಕನ್ನಡದ ಅಂಕೋಲಾ ಮತ್ತು ಸಿದ್ದಾಪುರ, ಆಗಿನ ಧಾರವಾಡ ಜಿಲ್ಲೆಯ ಹಿರೇಕೆರೂರು. ಅಂಕೋಲೆಯ ಕತೆ ಎಲ್ಲರಿಗೂ ಗೊತ್ತು, ಹಿರೇಕೆರೂರಿನದು ಅಷ್ಟಾಗಿ ಗೊತ್ತಿಲ್ಲ. ಜಗತ್ತಿನ ಆರ್ಥಿಕ ಕುಸಿತದಲ್ಲಿ ಹತ್ತಿ ಕಾಳುಗಳ ಧಾರಣೆ ನೆಲಕಚ್ಚಿದ್ದ ಕಾಲ. ಭೂಕಂದಾಯ ಮಾತ್ರ ಇದ್ದಷ್ಟೇ ಇತ್ತು. ಕೊಡುವುದಿಲ್ಲ ಎಂದವರ ಮೇಲೆ ಸರ್ಕಾರ 1879ರ ಮುಂಬೈ ಭೂಕಂದಾಯ ಸಂಹಿತೆಯನ್ನು ಝಳಪಿಸಿತು. ಆ ಸಂಹಿತೆಯ ಕೆಲಸ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಮೊದಲು ನೋಟೀಸು. ಆಮೇಲೆ ಜಪ್ತಿ. ದನಕರು, ಪಾತ್ರೆ ಪಗಡ, ಕಣದಲ್ಲಿನ ರಾಶಿ ಯಾವುದೂ ಬಚಾವಿಲ್ಲ. ಅದಕ್ಕೂ ಬಗ್ಗದಿದ್ದರೆ ಹೊಲವೇ ಸರ್ಕಾರ ಜಮಾ, ನಂತರ ಹರಾಜು. ಮಾಮಲೇದಾರ ಮುಂದೆ, ಊರಿನ ಪಾಟೀಲ, ಕುಲಕರ್ಣಿ ಹಿಂದೆ. ಹೊಲ ಯಾರ ಹೆಸರಿಗೆ ಹೋಯಿತೆಂದು ಉತಾರದಲ್ಲಿ ಒಂದು ಸಾಲು ಬದಲಾದರೆ ಸಾಕು, ಒಂದು ಮನೆತನ ನೆಲ ಕಳೆದುಕೊಂಡಂತೆ.

1937ರಲ್ಲಿ ಚುನಾವಣೆ ಬಂತು. ಮುಂಬೈ ಪ್ರಾಂತ್ಯದಲ್ಲಿ ಬಿ.ಜಿ. ಖೇರ್ ಅವರ ಕಾಂಗ್ರೆಸ್ ಮಂತ್ರಿಮಂಡಲ ರಚನೆಯಾಯಿತು. ಕರ ನಿರಾಕರಣೆಯಲ್ಲಿ ಜಪ್ತಿಯಾಗಿದ್ದ ಹೊಲಗಳನ್ನು ಮೂಲ ಒಡೆಯರಿಗೆ ಹಿಂದಿರುಗಿಸಲು ಆ ಸರ್ಕಾರ ಮುಂದಾಯಿತು, ಹಿಂದಿರುಗಿಸಿತು. ಇದರ ಅರ್ಥವೇನೆಂದು ಒಮ್ಮೆ ಯೋಚಿಸಿ. ಕಾನೂನುಬದ್ಧವಾಗಿಯೇ ಮುಟ್ಟುಗೋಲಾಗಿದ್ದ ಆಸ್ತಿ ಅದು. ಹರಾಜೂ ಕಾನೂನಿನ ಪ್ರಕಾರವೇ ಆಗಿತ್ತು. ಆದರೂ ಆ ಕಾನೂನೇ ಅನ್ಯಾಯದ ಕೈಯಾಗಿತ್ತು, ಆದ್ದರಿಂದ ನೆಲ ಮರಳಬೇಕು ಎಂದು ಹೊಸ ಸರ್ಕಾರ ನಿರ್ಧರಿಸಿತು. ನ್ಯೂರೆಂಬರ್ಗ್ ವಿಚಾರಣೆ ಶುರುವಾಗಲು ಇನ್ನೂ ಎಂಟು ವರ್ಷವಿತ್ತು. ಇವತ್ತು ಜಿನೀವಾದಲ್ಲಿ ಪಾಠವಾಗುವ ಪುನಃಸ್ಥಾಪನೆ ಎಂಬ ತತ್ವ ಆಗಲೇ ನಮ್ಮ ಪ್ರಾಂತ್ಯದಲ್ಲಿ ಆಚರಣೆಗೆ ಬಂದಿತ್ತು. ಹರಾಜಿನಲ್ಲಿ ದುಡ್ಡು ಕೊಟ್ಟು ಕೊಂಡವನ ಪಾಡೇನು, ಹೊಲದಲ್ಲಿ ಕೂಲಿಗಿದ್ದವನಿಗೆ ಏನು ಸಿಕ್ಕಿತು, ಜಪ್ತಿಗೆ ನಿಂತ ಪಾಟೀಲ ಮುಂದೆಯೂ ಅದೇ ಊರಲ್ಲಿ ಹೇಗೆ ಬದುಕಿದ ಎಂಬ ಪ್ರಶ್ನೆಗಳನ್ನು ಹಿಡಿದು ಹೊರಟರೆ ಒಬ್ಬ ವಿದ್ಯಾರ್ಥಿಯ ಪ್ರಬಂಧಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ಸಿಗುತ್ತದೆ.

ಇಲ್ಲಿ ನಾನು ಗಮನಿಸುವುದು ಇನ್ನೊಂದನ್ನು. 1937ರಲ್ಲಿ ಎಲ್ಲರಿಗೂ ಮತ ಇರಲಿಲ್ಲ. ಕಂದಾಯ ಕಟ್ಟುವವರಿಗೆ, ಆಸ್ತಿ ಇದ್ದವರಿಗೆ, ಓದಿದವರಿಗೆ ಮಾತ್ರ ಇತ್ತು. ಕರ ನಿರಾಕರಿಸಲು ಮೊದಲು ಕರ ಕಟ್ಟುವಷ್ಟು ನೆಲ ಇರಬೇಕು. ನೊಂದ ವರ್ಗವೂ ಮತವಿದ್ದ ವರ್ಗವೂ ಒಂದೇ ಆಗಿತ್ತು. ಅವರ ಪಕ್ಷವೇ ಅಧಿಕಾರಕ್ಕೆ ಬಂತು, ಅವರ ಹೊಲ ಮರಳಿತು. ರೈತರ ತ್ಯಾಗವನ್ನು ಇದರಿಂದ ಕಡಿಮೆ ಮಾಡಿ ಹೇಳಿದಂತಾಗುವುದಿಲ್ಲ. ಆದರೆ ಸವಣೂರಿನವರನ್ನು ಪಕ್ಕಕ್ಕಿಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಇವರಿಗೆ ಮತವಿದೆ, ಸಂವಿಧಾನವಿದೆ, ಕಾಯ್ದೆಯೂ ಇದೆ. ಇಲ್ಲದ್ದು ಸಂಖ್ಯೆ. ಬೆರಳೆಣಿಕೆಯ ಕುಟುಂಬಗಳಿಂದ ಯಾವ ವಾರ್ಡಿನ ಫಲಿತಾಂಶವೂ ಬದಲಾಗುವುದಿಲ್ಲ. ಹಿರೇಕೆರೂರಿನ ರೈತರಿಗೆ ಸಿಕ್ಕಿದ್ದು ಸರ್ಕಾರದ ತೀರ್ಮಾನ, ಸವಣೂರಿನವರಿಗೆ ಮೊದಲು ಸಿಕ್ಕಿದ್ದು ಭರವಸೆ.

ಮಾನವ ಹಕ್ಕು ಮತ್ತು ಪ್ರಜಾಪ್ರಭುತ್ವವನ್ನು ಒಂದೇ ಕೋರ್ಸಿನಲ್ಲಿ ಏಕೆ ಕಲಿಸುತ್ತಾರೆ ಎಂಬುದಕ್ಕೆ ಉತ್ತರ ಇಲ್ಲಿದೆ. ಪ್ರಜಾಪ್ರಭುತ್ವ ತಲೆ ಎಣಿಸುತ್ತದೆ. ಎಣಿಕೆಗೆ ಸಾಲದಷ್ಟು ಕಡಿಮೆ ಇರುವವರಿಗಾಗಿ ಹಕ್ಕು ಎಂಬುದು ಬೇಕಾಗುತ್ತದೆ. ಎರಡೂ ಒಂದನ್ನೊಂದು ತಿದ್ದಬೇಕು. ತಿದ್ದದಿದ್ದಾಗ ಜನ ಪುರಸಭೆಯ ಮುಂದೆ ಬಂದು ನಿಲ್ಲುತ್ತಾರೆ.

ಸವಣೂರಿನ ಘಟನೆಯಾದ ಮೂರು ವರ್ಷಕ್ಕೆ, ದೇಶದಾದ್ಯಂತ ಸಫಾಯಿ ಕರ್ಮಚಾರಿಗಳ ಹೋರಾಟದ ಫಲವಾಗಿ, ಹೊಸ ಕಾಯ್ದೆ ಬಂತು. 2013ರ ಡಿಸೆಂಬರ್ 6ರಿಂದ ಜಾರಿಯಾದ ಈ ಕಾಯ್ದೆಯನ್ನು ಓದಬೇಕು. 1993ರದು ಮುಖ್ಯವಾಗಿ ನಿಷೇಧ ಹೇಳುತ್ತಿತ್ತು, ಇದು ಪುನರ್ವಸತಿಯನ್ನೂ ವಿವರವಾಗಿ ಹೇಳುತ್ತದೆ. ಸ್ಥಳೀಯ ಸಂಸ್ಥೆಯೇ ಸಮೀಕ್ಷೆ ಮಾಡಬೇಕು. ಗುರುತಿಸಿದವರಿಗೆ ಫೋಟೊ ಇರುವ ಗುರುತಿನ ಚೀಟಿ, ಒಂದು ಬಾರಿಯ ನಗದು ನೆರವು, ಮಕ್ಕಳಿಗೆ ವಿದ್ಯಾರ್ಥಿವೇತನ, ನಿವೇಶನ ಮತ್ತು ಮನೆ ಕಟ್ಟಲು ಸಹಾಯ, ಬೇರೆ ಕಸುಬಿನ ತರಬೇತಿ, ರಿಯಾಯಿತಿ ಸಾಲ ಕೊಡಬೇಕು. ಈ ಪುನರ್ವಸತಿ ಹಿಂದಿನ ತಪ್ಪಿನ ತಿದ್ದುಪಡಿ ಎಂದು ಕಾಯ್ದೆಯ ಪೀಠಿಕೆಯೇ ಒಪ್ಪಿಕೊಳ್ಳುತ್ತದೆ. ಈ ಜನರು ಅನುಭವಿಸಿದ ಚಾರಿತ್ರಿಕ ಅನ್ಯಾಯವನ್ನೂ ಅಪಮಾನವನ್ನೂ ಸರಿಪಡಿಸಬೇಕಿದೆ ಎಂಬ ಮಾತು ಅಲ್ಲಿದೆ. ಇದಕ್ಕಿಂತ ನೇರವಾಗಿ ಸಂಕ್ರಮಣ ನ್ಯಾಯವನ್ನು ಭಾರತದ ಶಾಸನ ಪುಸ್ತಕದಲ್ಲಿ ಹುಡುಕುವುದು ಕಷ್ಟ. 2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟ್, 1993ರಿಂದ ಈಚೆಗೆ ಒಳಚರಂಡಿಗೆ ಇಳಿದು ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಕೊಡಿ ಎಂದಿತು. 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಮೊತ್ತ ಏರಿಸಬೇಕಾಗಿ ಬಂತೆಂದರೆ ಸಾವು ನಿಂತಿಲ್ಲ ಎಂದೇ ಲೆಕ್ಕ.

ಪಠ್ಯದಲ್ಲಿ ಬರದ ಒಂದು ತೊಡಕನ್ನು ಇಲ್ಲಿ ಹೇಳಬೇಕು. ಸಮೀಕ್ಷೆ ಮಾಡಬೇಕಾದವರು ಯಾರು? ಪುರಸಭೆ. ಇಂಥವರು ನಮ್ಮೂರಲ್ಲಿ ಇದ್ದಾರೆ ಎಂದು ಪುರಸಭೆ ಬರೆದರೆ, ಕಾನೂನು ಮುರಿದು ಕೆಲಸ ಮಾಡಿಸಿಕೊಂಡಿದ್ದೇವೆ ಎಂದು ತಾನೇ ಬರೆದುಕೊಟ್ಟಂತೆ. ಹಾಗಾಗಿ ಇಲ್ಲ ಎಂದು ಬರೆಯುವುದೇ ಸುಲಭ. ಇಲ್ಲ ಎಂದು ಬರೆದ ಮೇಲೆ ನಿವೇಶನವೂ ಇಲ್ಲ, ವಿದ್ಯಾರ್ಥಿವೇತನವೂ ಇಲ್ಲ. ಸತ್ಯವೇ ದಾಖಲಾಗದಿದ್ದರೆ ಪರಿಹಾರದ ಮಾತು ಏಳುವುದೇ ಇಲ್ಲ. ಅರ್ಜೆಂಟೀನಾದವರು ಮೊದಲು ಹೆಸರುಗಳ ಪಟ್ಟಿ ಮಾಡಿದ್ದೇಕೆ ಎಂಬುದು ಸವಣೂರಿನಲ್ಲಿ ನಿಂತು ನೋಡಿದರೆ ಸಲೀಸಾಗಿ ಅರ್ಥವಾಗುತ್ತದೆ.

ಹಾನಗಲ್ಲಿನ ಪಾಠ ಬೇರೆ ಬಗೆಯದು. 2024ರ ಜನವರಿಯಲ್ಲಿ ಅಲ್ಲಿನ ವಸತಿಗೃಹವೊಂದಕ್ಕೆ ಗುಂಪು ನುಗ್ಗಿ, ಬೇರೆ ಬೇರೆ ಧರ್ಮಕ್ಕೆ ಸೇರಿದ ಜೋಡಿಯ ಮೇಲೆ ಹಲ್ಲೆ ಮಾಡಿದ ಪ್ರಕರಣ ಮುಂದೆ ಸಾಮೂಹಿಕ ಅತ್ಯಾಚಾರದ ಆರೋಪಕ್ಕೆ ತಿರುಗಿತು. 2025ರ ಮೇ ತಿಂಗಳಲ್ಲಿ ಜಾಮೀನು ಸಿಕ್ಕ ಆರೋಪಿಗಳನ್ನು ಅಕ್ಕಿಆಲೂರಿನಲ್ಲಿ ವಾಹನಗಳ ಮೆರವಣಿಗೆ ಮಾಡಿ ಬರಮಾಡಿಕೊಂಡರು. ಜಾಮೀನು ಕೇಳುವುದು ಆರೋಪಿಯ ಹಕ್ಕು, ತೀರ್ಪು ಬರುವವರೆಗೆ ಆರೋಪ ಆರೋಪವೇ. ಆದರೆ ಜಾಮೀನನ್ನೇ ಗೆಲುವೆಂದು ಊರಲ್ಲಿ ಮೆರೆಸಿದರೆ ನಾಳೆ ನ್ಯಾಯಾಲಯಕ್ಕೆ ಬಂದು ಹೇಳಿಕೆ ಕೊಡಬೇಕಾದ ಹೆಣ್ಣುಮಗಳಿಗೆ ಅದು ಏನು ಹೇಳುತ್ತದೆ? ಸಾಕ್ಷಿ ರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಅದರ ಪ್ರಕಾರ ಜಿಲ್ಲಾ ಮಟ್ಟದಲ್ಲಿ ಅರ್ಜಿ ಕೊಟ್ಟು ರಕ್ಷಣೆ ಕೇಳಬಹುದು. ಇದು ನಮ್ಮ ಎಷ್ಟು ವಕೀಲರಿಗೆ ಬಾಯಿಗೆ ಬರುತ್ತದೋ ಕಾಣೆ.

ಶಿಗ್ಗಾವಿ ತಾಲ್ಲೂಕಿಗೆ ಒಂದು ಅನುಕೂಲವಿದೆ. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದು ಅಲ್ಲಿನ ಗೊಟಗೋಡಿಯಲ್ಲಿ. ಅಕ್ಷರ ಬಾರದವರ ಮಾತನ್ನು ಕೇಳಿ, ಧ್ವನಿಮುದ್ರಿಸಿ, ಅವರದೇ ನುಡಿಯಲ್ಲಿ ಬರೆದಿಡುವ ವಿದ್ಯೆ ಅಲ್ಲಿಯ ದಿನನಿತ್ಯದ ಕೆಲಸ. ಲಾವಣಿ, ಗೀಗೀ ಪದ ಹೀಗೆ ಉಳಿದಿವೆ. ಸತ್ಯ ಆಯೋಗದ ಹೇಳಿಕೆ ಪಡೆಯುವವರಿಗೂ ಬೇಕಾಗುವುದು ಇದೇ ಕೌಶಲ. ಎಲ್ಲಿ ಸುಮ್ಮನಿರಬೇಕು, ಯಾವ ಪ್ರಶ್ನೆ ಕೇಳಬಾರದು, ಮುದುಕಿಯೊಬ್ಬಳು ಇಸವಿ ಹೇಳದೆ ‘ದೊಡ್ಡ ಬರ ಬಿದ್ದ ವರ್ಷ’ ಎಂದರೆ ಅದನ್ನು ಹೇಗೆ ಗುರುತಿಸಬೇಕು ಎಂಬುದು ಕಾನೂನು ಕಾಲೇಜಿನಲ್ಲಿ ಬರುವ ವಿದ್ಯೆಯಲ್ಲ. ಗೊಟಗೋಡಿಯವರೂ ಹಾವೇರಿ ಬಳಿ ಕೆರಿಮತ್ತಿಹಳ್ಳಿಯಲ್ಲಿರುವ ಹಾವೇರಿ ವಿಶ್ವವಿದ್ಯಾಲಯದವರೂ ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದವರೂ ಕೂಡಿ ಇಂಥ ಕೋರ್ಸಿನ ಒಂದು ಪತ್ರಿಕೆಯನ್ನಾದರೂ ರೂಪಿಸಿದರೆ ಅದಕ್ಕೆ ಸಮ ಬೇರೆಲ್ಲೂ ಇರಲಾರದು. ಹಾವೇರಿ ವಿಶ್ವವಿದ್ಯಾಲಯವನ್ನೇ ಮುಚ್ಚುವ ಮಾತು 2025ರಲ್ಲಿ ಕೇಳಿಬಂದಿತ್ತು ಎಂಬುದು ನೆನಪಿದೆ. ಹೊಸ ವಿಶ್ವವಿದ್ಯಾಲಯ ಬದುಕಬೇಕಾದರೆ ಬೇರೆಯವರು ಕಲಿಸಲಾಗದ ಒಂದನ್ನು ಕಲಿಸಬೇಕು.

ತಹಶೀಲ್ದಾರ್ ಕಚೇರಿಯಂಥ ಕಚೇರಿಗಳ ಕಪಾಟುಗಳಲ್ಲಿ ಓದಬೇಕಾದ ಕಡತಗಳು ಇನ್ನೂ ಇವೆ. ಈ ಭಾಗಕ್ಕೆ 1948ರ ಮುಂಬೈ ಗೇಣಿ ಕಾಯ್ದೆ ಅನ್ವಯಿಸುತ್ತಿತ್ತು. 1974ರ ಮಾರ್ಚ್ 1ರಿಂದ ಅರಸರ ಭೂಸುಧಾರಣೆ ಜಾರಿಯಾದಾಗ ತಾಲ್ಲೂಕಿಗೊಂದು ಭೂನ್ಯಾಯ ಮಂಡಳಿ ಕೂತು, ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು. ಧಣಿಯ ಎದುರಿಗೇ ನಿಂತು, ಈ ಹೊಲ ನಾನು ಉಳುತ್ತೇನೆ ಎಂದು ಒಕ್ಕಲಿನವನು ಹೇಳಿದ ಮಾತು ಆ ಕಡತಗಳಲ್ಲಿದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಕಾಯ್ದೆಯ ಪ್ರಕರಣಗಳು ಉಪವಿಭಾಗಾಧಿಕಾರಿ ಮುಂದೆ ಬರುತ್ತವೆ. ಸವಣೂರಿನಲ್ಲೂ ಅಂಥ ಕಚೇರಿಯಿದೆ. ಕಾಲಮಿತಿಯ ನೆಪದಲ್ಲಿ ಕೋರ್ಟುಗಳಲ್ಲಿ ಬಿದ್ದುಹೋಗುತ್ತಿದ್ದ ಆ ಪ್ರಕರಣಗಳಿಗಾಗಿ 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ಹಾವೇರಿಯಲ್ಲಿ 2008ರ ಜೂನ್ 10ರಂದು ಗೊಬ್ಬರ ಕೇಳಲು ಬಂದ ರೈತರ ಮೇಲೆ ಗುಂಡು ಹಾರಿ ಇಬ್ಬರು ಸತ್ತರು. ಅದನ್ನೂ ಇದೇ ಸಾಲಿನಲ್ಲಿ ಓದಬೇಕು.

ವಿದೇಶಕ್ಕೇ ಹೋಗಿ ಓದಬೇಕೆನ್ನುವವರಿಗೂ ಒಂದು ಮಾತು. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆಯಿದೆ, ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಕೇಂದ್ರದ್ದಕ್ಕೆ ಅರ್ಜಿ ಹಾಕುವ ಮುನ್ನ ನಿಯಮ ನೋಡಿಕೊಳ್ಳಿ. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಅಧ್ಯಯನ ಇದರಡಿ ಬರುವುದಿಲ್ಲ ಎಂದು 2022ರಲ್ಲಿ ಮಾರ್ಗಸೂಚಿಗೆ ಸೇರಿಸಿದರು. ಅಂದರೆ ಸವಣೂರಿನ ಮಗು ಈ ದುಡ್ಡಿನಲ್ಲಿ ಹೋಗಿ ರುವಾಂಡಾವನ್ನು ಓದಬಹುದು, ಸವಣೂರನ್ನು ಓದುವಂತಿಲ್ಲ. ಇಂಥ ನಿಯಮ ಬರೆದವರಿಗೆ ತಾವೇನು ಬರೆಯುತ್ತಿದ್ದೇವೆಂದು ಗೊತ್ತಿರಲಿಲ್ಲ ಎಂದು ನಾನಂತೂ ನಂಬುವುದಿಲ್ಲ.

ಕೆಲಸ ಸಿಗುತ್ತದೆಯೇ ಎಂದು ಮನೆಯ ಹಿರಿಯರು ಕೇಳಿಯೇ ಕೇಳುತ್ತಾರೆ. ಕೇಳಬೇಕಾದ್ದೇ. ಮಾನವ ಹಕ್ಕುಗಳ ಆಯೋಗದಲ್ಲಿ, ಕಾನೂನು ಸೇವಾ ಪ್ರಾಧಿಕಾರದಲ್ಲಿ, ಸ್ವಯಂಸೇವಾ ಸಂಸ್ಥೆಗಳಲ್ಲಿ, ಅಧ್ಯಾಪನದಲ್ಲಿ ಕೆಲಸಗಳಿವೆ, ಆದರೆ ಬಿ.ಇಡಿ.ಯಷ್ಟು ನೇರ ದಾರಿ ಇದಲ್ಲ. ಕೆಎಎಸ್ ಬರೆಯುವವರಿಗೆ ಇದರ ಓದು ವ್ಯರ್ಥವಾಗುವುದಿಲ್ಲ. ನಾಳೆ ಅದೇ ತಹಶೀಲ್ದಾರ್ ಕುರ್ಚಿಯಲ್ಲಿ ಕೂರುವವರು ಅವರಲ್ಲವೇ?

ಎಂ.ಎ.ಗೆ ಸೇರುವವರೆಗೂ ಕಾಯಬೇಕಿಲ್ಲ. 2013ರ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಾಗೃತ ಸಮಿತಿ ಇರಬೇಕು. ಮಲ ಬಾಚುವ ಕೆಲಸಕ್ಕೆ ಸಿಲುಕಿದ ಸಮುದಾಯವನ್ನು ಪ್ರತಿನಿಧಿಸುವ ಸ್ಥಳೀಯರಿಗೂ ಅದರಲ್ಲಿ ಅವಕಾಶವಿದೆ. ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಹಾವೇರಿ ಜಿಲ್ಲಾ ಸಮಿತಿಯ ಸಭಾ ನಡಾವಳಿಯ ಪ್ರತಿ ಕೊಡಿ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ.